ಹಳೇ ಕಂಪ್ಯೂಟರಿಗೆ ಕುಬಸ ಮಾಡಿದ್ದು

ಈ ಕೆಲಸದಲ್ಲಿ ನನ್ನ ಕೈಬಿಟ್ಟು ಹೋದದ್ದು ಒಂದು ಹಸಿರು ಇಳಕಲ್ ಸೀರೆ, ಎರಡು ಕೈತುಂಬುವಷ್ಟು ಹಸಿರು ಬಳೆ, ಮತ್ತು ಬೇಮಳಖೇಡದ ನಮ್ಮ ವೈನಿಯ ಮಾತು. ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಅವಳ ಮಗಳು ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೋದರತ್ತೆಯ ಕಡೆಯಿಂದ ಸೀರೆ-ಬಳೆ ಹೋಗಬೇಕು. ಅದಕ್ಕೆಂದು ನಾನೇ ನಿಂತು ಚೌಕಾಶಿ ಮಾಡಿ ಕೊಂಡ ಸೀರೆಯನ್ನು ಬಸವಕಲ್ಯಾಣದ ಆಟೋನಗರದಲ್ಲಿ ಒಂದು ಹಳೇ ಕಂಪ್ಯೂಟರಿಗೆ ಏರಿಸಿಬಿಟ್ಟೆ. ಒಮ್ಮೆ ಒಬ್ಬರಿಗೆ ಏರಿಸಿದ ಸೀರೆಯನ್ನು ಇನ್ನೊಬ್ಬ ಬಸುರಿಗೆ ಕೊಡುವಂತಿಲ್ಲ. ಬೇರೆ ಕೊಂಡೆ. ಆದರೆ ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿ ಬೇಮಳಖೇಡ ಮುಟ್ಟಿತ್ತು.

ಯಾಕೆ ಏರಿಸಿದೆ ಎಂದು ಕೇಳುವವರಿಗೆ ಒಂದೇ ಉತ್ತರ. ಏರಿಸದಿದ್ದರೆ ಆ ಕಂಪ್ಯೂಟರನ್ನು ಬಂದ್ ಮಾಡುತ್ತಿದ್ದರು. ಬಂದ್ ಮಾಡಿದ್ದರೆ ಅದು ಮತ್ತೆ ಏಳುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಮಾಲು ಹೊರಗೆ ಬರಬೇಕಿತ್ತು, ಮತ್ತು ಅದು ಬರುವುದಿಲ್ಲ ಎಂದು ಒಬ್ಬ ನನ್ನ ಮುಖದ ಮೇಲೆ ಹೇಳಿದ್ದ. ಹಾಗೆ ಹೇಳಿದವರ ಮಾತು ಕೇಳಿಕೊಂಡು ಕೂತಿದ್ದರೆ ನಾನು ಇವತ್ತು ಅಂಗಡಿ ಇಟ್ಟುಕೊಂಡಿರುತ್ತಿರಲಿಲ್ಲ.

ನನ್ನದು ಹುಮನಾಬಾದಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೇ ಕಂಪ್ಯೂಟರುಗಳ ಅಂಗಡಿ. ಆಫೀಸುಗಳು, ದಾಲ್ ಮಿಲ್ಲುಗಳು ಎತ್ತಿ ಬಿಸಾಡುವುದನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತೇನೆ, ಬಿಚ್ಚಿ ಸರಿಮಾಡಿ ಮಾರುತ್ತೇನೆ. ಒಂದು ದಿನ ಆಟೋನಗರದ ಮಾಲಕರೊಬ್ಬರು ಅಂಗಡಿಗೆ ಬಂದರು. ಲಾರಿಗೆ ಬಾಡಿ ಕಟ್ಟುವ ಕಾರ್ಖಾನೆ ಅವರದು. ನನಗಿಂತ ಚಿಕ್ಕವರು, ಮುಖ ಬಾಡಿತ್ತು.

"ಅಕ್ಕಾರ, ನಮ್ಮ ಕಡೆ ಒಂದು ಹಳೇ ಕಂಪ್ಯೂಟರ್ ಅದ. ಅದರಾಗಿನ ಫೈಲ್ ಹೊರಗ ತೆಗಿಬೇಕು. ಹೈದರಾಬಾದಿನ ಏಜೆಂಟ್ ಆಗಂಗಿಲ್ಲ ಅಂದಾನ."

"ಅವ ಏನು ಮಾರಾಕತ್ತಾನ್ರಿ?"

"ಹೊಸ ಮಷಿನ್."

"ಮತ್ತ ಅವ ಆಗ್ತದ ಅಂತ ಹ್ಯಾಂಗ ಅಂತಾನ್ರಿ?"

ಆಮೇಲೆ ಅವರು ಪೂರ್ತಿ ವಿಷಯ ಹೇಳಿದರು. ಕಬ್ಬಿಣದ ದಪ್ಪ ತಗಡನ್ನು ಗ್ಯಾಸಿನ ಉರಿಯಿಂದ ಕೊರೆಯುವ ಒಂದು ಮಷಿನ್ ಅವರಲ್ಲಿತ್ತು. ಅದರ ಪಕ್ಕದ ಕಂಪ್ಯೂಟರಿನಲ್ಲಿ ನಮೂನೆಗಳು: ಯಾವ ಲಾರಿಯ ಯಾವ ಬ್ರಾಕೆಟ್ ಎಷ್ಟು ಬಾಗಬೇಕು, ತೂತು ಎಲ್ಲಿ ಬೀಳಬೇಕು ಎಂಬುದೆಲ್ಲ. ಕಂಪ್ಯೂಟರು ನಮೂನೆಯನ್ನು ತಂತಿಯ ಮೇಲೆ ಕಳಿಸುತ್ತದೆ, ಮಷಿನ್ ಹಾಗೆಯೇ ಕೊರೆಯುತ್ತದೆ. ಮಾಲಕರ ತಂದೆ ತೀರಿಕೊಳ್ಳುವವರೆಗೂ ಒಂದೊಂದೇ ನಮೂನೆ ತಿದ್ದಿ ತಿದ್ದಿ ಕೂಡಿಸಿಟ್ಟದ್ದು ಅದು. ದಾರದೆಳೆಯಷ್ಟು ಆಚೀಚೆ ಆದರೂ ಲಾರಿಯ ಅಡಿಗಟ್ಟು, ಅಂದರೆ ಚಾಸಿಯ ತೂತಿಗೆ ಬೋಲ್ಟ್ ಕೂರುವುದಿಲ್ಲ.

ಹಿಂದಿನ ಅಮಾವಾಸ್ಯೆಗೆ ರೂಢಿಯಂತೆ ಎಲ್ಲ ಮಷಿನ್ ನಿಲ್ಲಿಸಿ ಪೂಜೆ ಮಾಡಿದ್ದರು. ಮರುದಿನ ಚಾಲೂ ಮಾಡಿದರೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಿರುಗಲೇ ಇಲ್ಲ. ಹಿರಿ ಮಿಸ್ತ್ರಿ ರಬ್ಬರ್ ಸುತ್ತಿಗೆಯಿಂದ ಬದಿಗೆ ತಟ್ಟಿದ ಮೇಲೆ ಕುಂಯ್ ಎನ್ನುತ್ತ ಎದ್ದಿತಂತೆ. ಮಾಲಕರು ಏಜೆಂಟನನ್ನು ಕರೆಸಿದರು. ಅವನು ಬಂದವನೇ ಕಂಪ್ಯೂಟರ್ ಮುಗಿಯಿತು, ಫೈಲುಗಳೂ ಮುಗಿದವು, ಕೊರೆಯುವ ಮಷಿನ್ ಸಮೇತ ಹೊಸದು ತಗೊಳ್ಳಿ, ನಮೂನೆಗಳನ್ನು ಮೊದಲಿನಿಂದ ಬರೆಯಿಸಿ ಎಂದ. ಅದಕ್ಕೆ ಸಾಲ ಬೇಕು, ಸಾಲಕ್ಕೆ ಕಾರ್ಖಾನೆಯ ಹಿಂದಿನ ಖುಲ್ಲಾ ಜಾಗ ಅಡವು ಹೋಗಬೇಕು. ಬರುವ ಅಮಾವಾಸ್ಯೆ ಮುಗಿದು ಪಾಡ್ಯದ ದಿನ ಸಹಿ ಮಾಡುತ್ತೇನೆ ಎಂದು ಮಾಲಕರು ಮಾತು ಕೊಟ್ಟಿದ್ದರು.

ನಾನು ಸೌದಾ ಮಾಡಿದೆ. ಫೈಲುಗಳು ಬಂದರೆ ಅವನ್ನು ಇಡಲು ನನ್ನ ಅಂಗಡಿಯ ಕಂಪ್ಯೂಟರನ್ನೇ ಕೊಳ್ಳಬೇಕು, ನನ್ನ ಮಜೂರಿ ಬೇರೆ. ಬರದಿದ್ದರೆ ಬಸ್ ಚಾರ್ಜೂ ಬೇಡ. ಇದು ದಾನವಲ್ಲ. ಆಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಕೆಲಸಕ್ಕೆ ಈ ಷರತ್ತು ಹಾಕಿದರೆ ಗಿರಾಕಿಗೆ ಭರೋಸಾ ಬರುತ್ತದೆ, ನಮಗೂ ಹಟ ಬರುತ್ತದೆ.

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ತಿರುಗುವಾಗ ನನ್ನ ಚೀಲದಲ್ಲಿದ್ದದ್ದು ಲ್ಯಾಪ್‌ಟಾಪ್, ನಾನೇ ಬೆಸುಗೆ ಹಾಕಿದ ಒಂದು ಸೀರಿಯಲ್ ಕೇಬಲ್ ಮತ್ತು ಮಧ್ಯಾಹ್ನದ ಬುತ್ತಿ. ಆಟೋನಗರದ ಗದ್ದಲ ದೂರದಿಂದಲೇ ಕೇಳಿತು. ಕಾರ್ಖಾನೆಯ ಮೂಲೆಯ ತಗಡಿನ ಕೋಣೆಯಲ್ಲಿ ಕಂಪ್ಯೂಟರು ಬಾಗಿಲಿಗೆ ಬೆನ್ನು ಮಾಡಿ ಕೂತಿತ್ತು. ಮಷಿನ್‌ನಿಂದ ಬರುವ ತಂತಿ ಗಿಡ್ಡ, ಹಾಗಾಗಿ ತಿರುಗಿಸಿ ಇಟ್ಟಿದ್ದರು. ಕೆಲಸ ಮಾಡಬೇಕಾದವರು ಮೇಜು ಮತ್ತು ಗೋಡೆಯ ನಡುವೆ ಒತ್ತಿಕೊಂಡು ಕೂರಬೇಕು. ಬಾಗಿಲಲ್ಲಿ ನಿಂತವರಿಗೆ ಕಾಣುವುದು ಅದರ ಬೆನ್ನು ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಕೆಲಸ, ಅದು ಆರದಂತೆ ನೋಡಿಕೊಳ್ಳುವುದು. ಕರೆಂಟು ಹೇಳದೆ ಹೋಗುತ್ತದೆ. ಲಾರಿ ಕಾರ್ಖಾನೆಯಲ್ಲಿ ಬ್ಯಾಟರಿಗೆ ಬರವಿಲ್ಲ. ಕಂಪ್ಯೂಟರು ಮೊದಲೇ ಒಂದು ಇನ್ವರ್ಟರಿನ ಮೇಲಿತ್ತು, ಅದರ ಬ್ಯಾಟರಿ ಮಾತ್ರ ದಣಿದಿತ್ತು; ನಿಲ್ಲಿಸದೆಯೇ ಎರಡು ಲಾರಿ ಬ್ಯಾಟರಿಗಳನ್ನು ಅದಕ್ಕೆ ಸೇರಿಸಿದೆವು. ಡಿಸ್ಕ್ ಕಳಚಿ ಬೇರೆಡೆ ಹಾಕಿ ಓದಬಹುದಲ್ಲ ಎಂದು ಹುಮನಾಬಾದಿನ ಇನ್ನೊಬ್ಬ ಮೆಕ್ಯಾನಿಕ್ ಹೇಳಿದ್ದ. ಕಳಚಬೇಕೆಂದರೆ ನಿಲ್ಲಿಸಬೇಕು. ನಿಂತ ಡಿಸ್ಕ್ ಮತ್ತೆ ತಿರುಗುತ್ತದೆ ಎಂದು ಬರೆದುಕೊಡುವವರು ಯಾರು? ಫ್ಲಾಪಿ ಡ್ರೈವಿನ ಬಾಯಿ ತುಂಬ ಕಬ್ಬಿಣದ ಧೂಳು. ನೆಟ್‌ವರ್ಕಿನ ಜಾಗವೇ ಇರಲಿಲ್ಲ. ಉಳಿದದ್ದು ಬೆನ್ನಿನ ಮೇಲಿದ್ದ ಎರಡು ಸೀರಿಯಲ್ ಪೋರ್ಟು. ಒಂದಕ್ಕೆ ಕೊರೆಯುವ ಮಷಿನ್ನಿನ ತಂತಿ ಬಿಗಿಯಾಗಿ ಸ್ಕ್ರೂ ಹಾಕಿ ಕೂತಿತ್ತು. ಇನ್ನೊಂದು ಖಾಲಿ. ಅದರ ಮೇಲೆ ಬೂದು ಬಣ್ಣದ ಪೊರೆ ಇತ್ತು. ಬಾಯಿಂದ ಊದಿ, ಸೆರಗಿನಿಂದ ಒರೆಸಿ, ನನ್ನ ಕೇಬಲ್ ಚುಚ್ಚಿದೆ.

ಈಗ ಸಿಕ್ಕು ಎಲ್ಲಿದೆ ಹೇಳುತ್ತೇನೆ. ಫೈಲ್ ಸಾಗಿಸುವ ಪ್ರೋಗ್ರಾಮ್ ಎರಡೂ ಕಡೆ ಇರಬೇಕು: ಒಬ್ಬರು ಕೊಡುವವರು, ಒಬ್ಬರು ತಗೊಳ್ಳುವವರು. ನನ್ನ ಲ್ಯಾಪ್‌ಟಾಪಿನಲ್ಲಿ ಇತ್ತು, ಹಳೆಯದರಲ್ಲಿ ಇರಲಿಲ್ಲ. ಅದರಲ್ಲಿ ಹಾಕಬೇಕೆಂದರೆ ಫೈಲ್ ಸಾಗಿಸಬೇಕು. ಸಾಗಿಸಬೇಕೆಂದರೆ ಪ್ರೋಗ್ರಾಮ್ ಬೇಕು. ಬಾವಿಯಲ್ಲಿ ಬಿದ್ದ ಹಗ್ಗ ತೆಗೆಯಲು ಅದೇ ಹಗ್ಗ ಹಿಡಿದು ಇಳಿಯಬೇಕು ಎಂಬ ಹಾಗೆ. ಆದರೆ ಅದು ಹಳೇ ಯುನಿಕ್ಸ್ ಯಂತ್ರ. ಕೂಡಿಸಿಕೊಟ್ಟವರು ಒಳಗೆ ಸಿ ಕಂಪೈಲರ್ ಬಿಟ್ಟು ಹೋಗಿದ್ದರು. ಕಂಪೈಲರ್ ಇದ್ದರೆ ಸಿದ್ಧ ಪ್ರೋಗ್ರಾಮ್ ಬೇಕಿಲ್ಲ, ಅದರ ಮೂಲ ಬರಹ ಸಾಕು, ಅಲ್ಲೇ ಬೇಯಿಸಿಕೊಳ್ಳಬಹುದು. ಬರಹವೆಂದರೆ ಬರೀ ಅಕ್ಷರ. ಅಕ್ಷರ ಕಳಿಸಲು ಯಾವ ಪ್ರೋಗ್ರಾಮೂ ಬೇಡ. ತಂತಿಯ ಮೇಲೆ ಬಂದದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದುಕೊ ಎಂದು ಹಳೆಯದಕ್ಕೆ ಹೇಳಿ, ಲ್ಯಾಪ್‌ಟಾಪಿನಿಂದ ಸಾಲು ಸಾಲಾಗಿ ಬಿಟ್ಟೆ. ಒಂದು ಸಾಲು, ತುಸು ವಿರಾಮ, ಮತ್ತೊಂದು ಸಾಲು. ವಿರಾಮ ಕೊಡದಿದ್ದರೆ ಮುದುಕನಿಗೆ ಎಮ್ಮೆಯ ಹಾಗೆ ಉಣ್ಣಿಸಿದಂತೆ, ಅರ್ಧ ಹೊರಗೇ ಚೆಲ್ಲುತ್ತದೆ.

ಕಂಪೈಲ್ ಮಾಡಲು ಹೇಳಿದೆ. ತಪ್ಪುಗಳ ಮಳೆ. ಇವತ್ತಿನ ಸಿ ಭಾಷೆಯಲ್ಲಿ ಒಂದು ಕೆಲಸಕ್ಕೆ ಯಾವ ಬಗೆಯ ಸಾಮಾನು ಬೇಕೆಂದು ಕಂಸದ ಒಳಗೇ ಬರೆಯುತ್ತೇವೆ. ಆ ಕಾಲದ ಕಂಪೈಲರಿಗೆ ಒಳಗೆ ಹೆಸರು ಮಾತ್ರ, ಬಗೆಯನ್ನು ಕೆಳಗಿನ ಸಾಲಿನಲ್ಲಿ ಹೇಳಬೇಕು. ಉದ್ದ ಹೆಸರುಗಳು ಅದಕ್ಕೆ ಆಗುವುದಿಲ್ಲ. ಮೊದಲ ಕೆಲವು ಅಕ್ಷರ ಓದಿ ಬಾಕಿ ಬಿಡುತ್ತದೆ, ಹಾಗಾಗಿ ಎರಡು ಬೇರೆ ಹೆಸರು ಅದರ ಕಣ್ಣಿಗೆ ಒಂದೇ. ಒಂದೊಂದೇ ತಿದ್ದಿದೆ. ಅದರ ನಡುವೆ ನನಗೆ ಅರ್ಥವಾಗದ ತಪ್ಪುಗಳೂ ಇದ್ದವು. ನಾನು ಕಳಿಸಿದ ಸಾಲಿನಲ್ಲಿ ಅರ್ಧವಿರಾಮ ಚಿಹ್ನೆ ಇತ್ತು, ಅಲ್ಲಿ ಬಂದು ಮುಟ್ಟಿದ ಸಾಲಿನಲ್ಲಿ ಇರಲಿಲ್ಲ. ಒಂದೆಡೆ ಆವರಣದ ಬದಲು ಯಾವುದೋ ಕಸ. ವಿರಾಮ ಸಾಲಲಿಲ್ಲ ಎಂದುಕೊಂಡು, ಗೋಡೆಯ ಸಂದಿಯಲ್ಲಿ ಕೂತು ಅದರದೇ ಕೀಲಿಮಣೆಯ ಮೇಲೆ ಸರಿಮಾಡಿದೆ. ಅಲ್ಲೇ ಎಚ್ಚರಾಗಬೇಕಿತ್ತು.

ಎಲ್ಲ ತಿದ್ದಿದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆ ಕಂಪೈಲರ್ ಅರ್ಧಕ್ಕೆ ನಿಂತಿತು. ಜಾಗ ಮಾಡಿಕೊಟ್ಟರೆ ಮತ್ತೆ ನಿಂತಿತು. ಅದೇ ಹೊತ್ತಿಗೆ ಏಜೆಂಟ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೊಸ ಮಷಿನ್ನಿನ ಬಣ್ಣದ ಪುಸ್ತಕ. ಕೋಣೆಯೊಳಗೆ ಇಣುಕಿ, ಗಂಡಸರು ಯಾರೂ ಇಲ್ಲವೇ ಎಂದು ಮೊದಲು ಮಾಲಕರನ್ನು ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ಸುಮ್ನೆ ಯಾಕ ಪರೇಶಾನ್ ಆಗಾಕತ್ತೀರಿ? ಇದಕ್ಕ ದವಾಖಾನಿ ಅಲ್ರಿ, ಕಬರಸ್ತಾನ ಬೇಕು."

"ಉಸಿರು ಇರೋ ತನಕ ಕಬರಸ್ತಾನದ ಜಾಗ ಮಾರಬ್ಯಾಡ್ರಿ ಸಾಹೇಬ್ರ," ಎಂದೆ. ಹೊರಗೆ ವೆಲ್ಡಿಂಗ್ ಮಾಡುತ್ತಿದ್ದವರು ನಕ್ಕರು. ಅವನು ಪುಸ್ತಕ ಮೇಜಿನ ಮೇಲಿಟ್ಟು, ಪಾಡ್ಯಕ್ಕೆ ಬರುತ್ತೇನೆ ಎಂದು ಹೋದ.

ನಗಿಸಿದ್ದೇನೋ ಸರಿ, ಆದರೆ ಪ್ರೋಗ್ರಾಮ್ ಇನ್ನೂ ಆಗಿರಲಿಲ್ಲ. ಆಗ ಒಂದು ನಿರ್ಧಾರ ಮಾಡಿದೆ. ನಾನು ಕಂಪೈಲ್ ಮಾಡುತ್ತಿದ್ದ ಪ್ರೋಗ್ರಾಮಿನಲ್ಲಿ ಫೋನ್ ಹಚ್ಚುವುದು, ಬೇರೆ ಯಂತ್ರಕ್ಕೆ ಲಾಗಿನ್ ಆಗುವುದು, ಹತ್ತೆಂಟು ಭಾಷೆಯ ಲಿಪಿ ಬದಲಿಸುವುದು ಎಲ್ಲ ಇತ್ತು. ನನಗೆ ಬೇಕಾದ್ದು ಲಾರಿ ಅಲ್ಲ, ಕೈಗಾಡಿ. ಈ ಕಡೆಯಿಂದ ಆ ಕಡೆಗೆ ಫೈಲ್ ಕಳಿಸಿದರೆ ಸಾಕು. ತಗೊಳ್ಳುವುದು ಕೂಡ ಬೇಡ. ಬೇಡದ್ದನ್ನೆಲ್ಲ ಕತ್ತರಿಸಿದೆ. ಉಳಿದ ಬರಹ ಅಂಗೈಯಗಲ. ಕಂಪೈಲ್ ಆಗಲು ಬಿಟ್ಟು ಪೇಟೆಗೆ ಹೋದೆ, ಆ ಮುದುಕನ ಮುಂದೆ ಕೂತು ಬಾಯಿ ನೋಡಿದರೆ ಬೇಗ ಮುಗಿಸುವುದಿಲ್ಲ. ವೈನಿಯ ಮಗಳಿಗೆ ಸೀರೆ-ಬಳೆ ತಗೊಂಡದ್ದು ಆಗಲೇ. ಸೀರೆ ಅಂಗಡಿಯವ ಹೇಳಿದ ರೇಟಿಗೆ ನಾನು ಎದ್ದು ಹೊರಟೆ, ಮೆಟ್ಟಿಲ ಮೇಲೆ ಕರೆದ. ಯಾವಾಗಲೂ ಮೆಟ್ಟಿಲ ಮೇಲೆಯೇ ಕರೆಯುತ್ತಾರೆ. ಅದಕ್ಕೆ ಮೊದಲು ತಿರುಗಿ ನೋಡಬಾರದು.

ವಾಪಸ್ ಬಂದಾಗ ಪ್ರೋಗ್ರಾಮ್ ಸಿದ್ಧವಾಗಿತ್ತು. ಒಂದು ತಪ್ಪೂ ಇಲ್ಲ. ಸಣ್ಣ ನಮೂನೆಯೊಂದನ್ನು ಕಳಿಸಿ ನೋಡಿದೆ, ಬಂತು. ಮಾಲಕರನ್ನು ಕೂಗಿ ತೋರಿಸಿದೆ. ದೊಡ್ಡದನ್ನು ಕಳಿಸಿದೆ. ಅರ್ಧ ದಾರಿಗೆ ನಿಂತಿತು.

ಈ ಪ್ರೋಗ್ರಾಮುಗಳು ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಅದರ ಮೊತ್ತ ಬರೆದು ಕಳಿಸುತ್ತವೆ. ತಗೊಳ್ಳುವವ ತಾನೂ ಕೂಡಿಸಿ ನೋಡಿ, ತಾಳೆಯಾಗದಿದ್ದರೆ ಮತ್ತೆ ಕೇಳುತ್ತಾನೆ. ಕೇಳಿ ಕೇಳಿ ಸಾಕಾದರೆ ಬಿಟ್ಟುಬಿಡುತ್ತಾನೆ. ನನ್ನ ಲ್ಯಾಪ್‌ಟಾಪು ಬಿಟ್ಟುಬಿಡುತ್ತಿತ್ತು. ವೇಗ ಇಳಿಸಿದೆ, ಮತ್ತೆ ಇಳಿಸಿದೆ, ಬೆರಳಿನಲ್ಲಿ ಎಣಿಸಬಹುದಾದಷ್ಟು ನಿಧಾನಕ್ಕೆ ತಂದೆ. ಅದೇ ಹಾಡು. ಕತ್ತರಿಸುವಾಗ ಏನೋ ಬೇಕಾದ್ದನ್ನೂ ಕತ್ತರಿಸಿದೆ ಎಂದು ಬರಹವನ್ನು ಮತ್ತೆ ಓದಿದೆ. ಕೇಬಲ್ ಬದಲಿಸಿದೆ. ಕೊನೆಗೆ ನನ್ನ ಅನುಮಾನ ವೆಲ್ಡಿಂಗ್ ಮೇಲೆ ಹೋಯಿತು. ಹೊರಗೆ ಕಿಡಿ ಹಾರಿದಾಗಲೆಲ್ಲ ತಂತಿಯಲ್ಲಿ ಗದ್ದಲ ಸೇರುತ್ತದೆ, ಅದರಿಂದಲೇ ತುಂಡುಗಳು ಕೆಡುತ್ತವೆ ಎಂದು ಗಟ್ಟಿ ಮಾಡಿಕೊಂಡೆ. ಎಲ್ಲ ವೆಲ್ಡಿಂಗ್ ನಿಲ್ಲುವ ಒಂದು ದಿನ ಸಿಕ್ಕರೆ ಸಾಕು.

ಆ ದಿನ ಮರುದಿನವೇ ಇತ್ತು: ಅಮಾವಾಸ್ಯೆ. ಆದರೆ ಅವತ್ತು ಈ ಕಂಪ್ಯೂಟರೂ ನಿಲ್ಲಬೇಕು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಾರ್ಖಾನೆ ತೊಳೆದಿತ್ತು. ಹಿರಿ ಮಿಸ್ತ್ರಿ ಮಡಿ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ, ತಟ್ಟೆ ಹಿಡಿದು ನಿಂತಿದ್ದ. ಮಾಲಕರ ತಂದೆಯ ಕಾಲದ ಆಳು. ಕಾರ್ಖಾನೆಯಲ್ಲಿ ಅವನ ಮಾತಿಗೆ ಮಾಲಕರೂ ಎದುರಾಡುವುದಿಲ್ಲ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ; ಅವನು ನನ್ನನ್ನು ಬಾಯಿ, ಅಂದರೆ ಅಕ್ಕ, ಎನ್ನುತ್ತಿದ್ದ. ಅವನು ಇನ್ವರ್ಟರಿನ ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದ.

"ಕಾಕಾ, ಅದಕ್ಕ ಕೈ ಹಚ್ಚಬ್ಯಾಡ್ರಿ."

"ಅಮಾಸಿ ದಿನ ಮಷಿನ್ ಚಾಲೂ ಇಟ್ಟಿಲ್ಲ ಬಾಯಿ. ದೊಡ್ಡ ಮಾಲಕರು ಇದ್ದಾಗಿಂದ ಇಟ್ಟಿಲ್ಲ. ಯಾರಿಗರೆ ಕೈ ಕಾಲು ಹೋದರ ನೀ ಜಿಮ್ಮೇದಾರ್ ಆಗ್ತೀ ಏನು?"

ಬೇರೆಯವರಾಗಿದ್ದರೆ ಮೂಢನಂಬಿಕೆ ಎಂದು ಭಾಷಣ ಬಿಗಿಯುತ್ತಿದ್ದರು, ಕೆಲಸ ಅಲ್ಲಿಗೇ ಕೆಡುತ್ತಿತ್ತು. ಉರಿ, ತಗಡು, ಕ್ರೇನಿನ ನಡುವೆ ದುಡಿಯುವವರು ತಿಂಗಳಿಗೊಂದು ದಿನ ಎಲ್ಲವನ್ನೂ ನಿಲ್ಲಿಸಿ ಒರೆಸಿ ನೋಡುವುದರಲ್ಲಿ ಬುದ್ಧಿ ಇಲ್ಲ ಎಂದು ನಾನು ಹೇಳಲಾರೆ. ಮಾಲಕರು ನೆಲ ನೋಡುತ್ತ ನಿಂತಿದ್ದರು. ಅವರ ತಂದೆಯ ಮಾತನ್ನು ಅವರು ಮುರಿಯುವಂತಿಲ್ಲ, ತಂದೆಯ ನಮೂನೆಗಳನ್ನು ಕಳೆದುಕೊಳ್ಳುವಂತೆಯೂ ಇಲ್ಲ. ಎದುರಿನವನಿಗೆ ಸೋಲಾಗದಂತೆ ಸೌದಾ ಮಾಡಬೇಕು. ನನ್ನ ಚೀಲದಲ್ಲಿ ಸೀರೆ ಇತ್ತು. ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಬೇಮಳಖೇಡಕ್ಕೆ ಹೋಗುವುದಿತ್ತು.

"ಕಾಕಾ, ನಿಮ್ಮ ಸೊಸಿ ಬಸುರಿ ಇದ್ದಾಗ ಅಮಾಸಿ ಬಂದಿತ್ತೋ ಇಲ್ಲೋ?"

"ಬಂದಿತ್ತು. ಅದಕ್ಕೇನು?"

"ಅವತ್ತು ಆಕಿಗಿ ಉಸಿರು ಬಂದ್ ಮಾಡು ಅಂದಿದ್ರೇನು?"

ಬಾಗಿಲಲ್ಲಿ ನಿಂತಿದ್ದ ವೆಲ್ಡರನೊಬ್ಬ ಕೆಮ್ಮಿದ.

"ಇದು ಬಸುರಿ ಅದ ಕಾಕಾ. ದೊಡ್ಡ ಮಾಲಕರು ಕೂಡಿಸಿದ್ದೆಲ್ಲ ಇದರ ಹೊಟ್ಟ್ಯಾಗ ಅದ. ಹೋದ ಅಮಾಸಿಗಿ ಮಲಗಿಸಿದ್ರಿ, ಸುತ್ತಿಗಿ ಹಚ್ಚಿ ಎಬ್ಬಿಸಿದ್ರಿ. ಬಸುರಿಗಿ ಸುತ್ತಿಗಿ ಹಚ್ಚತಾರೇನು? ಪೂಜಿ ಬ್ಯಾಡ ಅನ್ನಾಂಗಿಲ್ಲ ನಾ. ಕುಬಸ ಮಾಡ್ರಿ. ಸೀರಿ-ಬಳಿ ನಂದು."

ಚೀಲದಿಂದ ಸೀರೆ ತೆಗೆದು ಮೇಜಿನ ಮೇಲಿಟ್ಟೆ. ಅದರ ಮೇಲೆ ಬಳೆ. ಕಾಕಾ ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ತವರುಮನಿ ಯಾವುದು?" ಕೇಳಿದ. ಮುಖದಲ್ಲಿ ನಗು ಇರಲಿಲ್ಲ.

"ಹುಮನಾಬಾದ್ ಅಂತ ತಿಳಕೋರಿ."

"ಹಂಗಾದ್ರ ಬೀಗರು ಬಂದಂಗಾಯ್ತು. ಚಾಲೂ ಇರಲಿ. ಬಾಕಿ ಎಲ್ಲ ಬಂದ್." ಅವನು ಸ್ವಿಚ್ಚಿನಿಂದ ಕೈ ತೆಗೆದ.

ಬಾಕಿ ಎಲ್ಲ ಬಂದ್ ಆಯಿತು. ಕಾರ್ಖಾನೆಯಲ್ಲಿ ಆ ಡಿಸ್ಕಿನ ಕುಂಯ್ ಸದ್ದೊಂದೇ. ಕಾಕಾ ಉಡಿ ತುಂಬುವ ಸಾಮಾನು ಜೋಡಿಸುವಷ್ಟರಲ್ಲಿ ನಾನು ದೊಡ್ಡ ಫೈಲೊಂದನ್ನು ಕಳಿಸಿದೆ. ಒಂದು ಕಿಡಿಯೂ ಹಾರದ ದಿನ. ಈಗ ಬರಲೇಬೇಕು.

ಅರ್ಧ ದಾರಿಗೆ ನಿಂತಿತು.

ಮತ್ತೊಮ್ಮೆ ಕಳಿಸಿದೆ, ಮತ್ತೆ ನಿಂತಿತು. ವೆಲ್ಡಿಂಗ್ ಮೇಲೆ ಹೊರಿಸಿದ್ದ ನನ್ನ ಆರೋಪ ಸುಳ್ಳಾಯಿತು. ಸೀರೆ ಕೊಟ್ಟದ್ದು ವ್ಯರ್ಥ, ನಾಳೆ ಏಜೆಂಟ್ ಬರುತ್ತಾನೆ, ಸಹಿ ಬಿದ್ದು ಇವರ ಜಾಗ ಅಡವು ಹೋಗುತ್ತದೆ. ಗೋಡೆಯ ಸಂದಿಯಲ್ಲಿ ಕೂತು ಪರದೆ ನೋಡುತ್ತಿದ್ದೆ. ಆಚೆ ಬದಿಯಲ್ಲಿ ಕಾಕಾ ಸೀರೆ ಹೊದಿಸಿ, ಬಳೆ ಇಟ್ಟು, ಅಕ್ಕಿ-ಕೊಬ್ಬರಿ-ಎಲೆಯಡಿಕೆಯ ಉಡಿ ಮಾಡಿ ಮುಗಿಸಿದ್ದ. ಅವನು ನನ್ನನ್ನು ಕರೆದ.

"ಬಾಯಿ, ಈ ವೈರ್ ಸ್ವಲ್ಪ ತೆಗಿ. ಹಣಿ ಮ್ಯಾಗ ಬಂದದ."

"ಯಾವ ಹಣಿ?"

"ಇದರ ಹಣಿ. ಇಲ್ಲೇ ಅಲ್ಲೇನು ಹಚ್ಚೋದು, ಮೊದಲಿಂದ."

ಎದ್ದು ಸುತ್ತಿ ಬಂದು ನೋಡಿದೆ. ನನ್ನ ಕೇಬಲ್ ಚುಚ್ಚಿದ್ದ ಪೋರ್ಟಿನ ಕಡೆಗೇ ಅವನ ಬೆರಳು. ಬಾಗಿಲಿಗೆ ತಿರುಗಿದ್ದು ಕಂಪ್ಯೂಟರಿನ ಬೆನ್ನು. ಆದರೆ ಕೋಣೆಗೆ ಬರುವವರಿಗೆ ಅದೇ ಮುಖ. ಖಾಲಿ ಪೋರ್ಟು, ಎರಡು ಬದಿಗೆ ಎರಡು ಸ್ಕ್ರೂ: ಕಣ್ಣಿನ ನಡುವಿನ ಜಾಗದ ಹಾಗೆ. ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಅದ್ದಿ, ಪ್ರತಿ ಅಮಾವಾಸ್ಯೆ, ವರ್ಷಗಟ್ಟಲೆ, ಅಲ್ಲಿಯೇ ಎಳೆದಿದ್ದರು. ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಇನ್ನೊಂದು ಪೋರ್ಟಿಗೆ ತಂತಿ ಬಿಗಿದಿತ್ತು, ಹಾಗಾಗಿ ಕೊರೆಯುವ ಮಷಿನ್ನಿಗೆ ಒಮ್ಮೆಯೂ ತೊಂದರೆಯಾಗಿರಲಿಲ್ಲ. ನಾನು ಸೆರಗಿನಿಂದ ಒರೆಸಿದ್ದು ಮೇಲಿನ ಪೊರೆ ಮಾತ್ರ. ಪಿನ್ನುಗಳ ಬುಡದಲ್ಲಿ ಗಾರೆಯಂತೆ ಕಟ್ಟಿ, ಒಳಗೆ ಹಸಿರು ಕಿಲುಬು ಹಿಡಿದಿತ್ತು. ಮೂಲ ಬರಹದಲ್ಲಿ ಅರ್ಧವಿರಾಮ ನುಂಗಿದ್ದು, ಆವರಣದ ಜಾಗದಲ್ಲಿ ಕಸ ಹಾಕಿದ್ದು, ತುಂಡುಗಳನ್ನು ಕೆಡಿಸಿದ್ದು ಎಲ್ಲ ಇದೇ.

ಕೂತು ನಕ್ಕೆ. ಕಾಕಾ ಗಾಬರಿಯಾದ. ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು.

"ಇಷ್ಟು ವರ್ಷ ನಾ ಇದರ ಮೂಗಿನಾಗ ಬೂದಿ ತುಂಬೀನೇನು?"

"ತುಂಬಿದ್ರ ತುಂಬಿದ್ರಿ ಕಾಕಾ. ನೀವು ಇವತ್ತು ವೈರ್ ತೆಗಿ ಅನ್ನದಿದ್ರ ನಾ ಇನ್ನೊಂದು ತಿಂಗಳು ವೆಲ್ಡಿಂಗಿಗೆ ಬೈತಿದ್ದೆ."

ಹಲ್ಲುಜ್ಜುವ ಹೊಸ ಬ್ರಷ್, ಒಂದು ಬಾಟಲಿ ಸ್ಪಿರಿಟ್ ತರಿಸಿದೆ. ಉರಿ ಎಲ್ಲ ಆರಿದ ದಿನವಾದ್ದರಿಂದ ಸ್ಪಿರಿಟ್ ಬಳಸಲು ಹೆದರಿಕೆ ಇರಲಿಲ್ಲ. ಬ್ರಷ್ಷನ್ನು ಒದ್ದೆ ಮಾಡಿ, ಹಿಂಡಿ, ಒಂದೊಂದೇ ಪಿನ್ನಿನ ಬುಡ ಉಜ್ಜಿದೆ. ಒಣಗಿದ ಮೇಲೆ ಸೂಜಿಯಿಂದ ಕೆರೆದೆ. ಬೂದಿ ಉದುರಿತು, ಕಿಲುಬು ಹೋಯಿತು, ಲೋಹ ಕಂಡಿತು. ಕೇಬಲ್ ಚುಚ್ಚಿ ಸ್ಕ್ರೂ ಬಿಗಿದು ದೊಡ್ಡ ಫೈಲನ್ನು ಕಳಿಸಿದೆ. ಈ ಬಾರಿ ಒಂದು ತುಂಡೂ ಮರಳಿ ಕೇಳಲಿಲ್ಲ.

ಕಾಕಾ ವಿಭೂತಿಯನ್ನು ಮೇಜಿನ ಕಾಲಿಗೆ ಹಚ್ಚಿ ಪೂಜೆ ಮುಗಿಸಿದ. ನಾನು ಒಂದಾದ ಮೇಲೊಂದು ಫೈಲ್ ತೆಗೆಯುತ್ತ ಕೂತೆ. ಬಂದ ಪ್ರತಿ ಫೈಲಿನ ಮೊತ್ತವನ್ನು ಎರಡೂ ಕಡೆ ತೆಗೆಸಿ ತಾಳೆ ನೋಡಿದೆ. ಬೇಮಳಖೇಡದ ಬಸ್ಸು ತಪ್ಪಿತು.

ಪಾಡ್ಯದ ಬೆಳಿಗ್ಗೆ ಏಜೆಂಟ್ ಕಾಗದಗಳೊಂದಿಗೆ ಬಂದ. ಅಷ್ಟರಲ್ಲಿ ನನ್ನ ಅಂಗಡಿಯ ಕಂಪ್ಯೂಟರನ್ನು ಟೆಂಪೋದಲ್ಲಿ ತರಿಸಿ, ಫೈಲುಗಳನ್ನು ಅದಕ್ಕೆ ತುಂಬಿ, ಕೊರೆಯುವ ಮಷಿನ್ನಿನ ತಂತಿಯನ್ನು ಅದಕ್ಕೆ ಜೋಡಿಸಿದ್ದೆ. ಮಾಲಕರು ಕಾಗದ ಕೈಗೆ ತಗೊಳ್ಳದೆ ಅವನನ್ನು ನಿಲ್ಲಿಸಿದರು. ಕಾಕಾ ತಗಡು ಹಾಸಿದ. ಟಿಪ್ಪರಿನ ಬ್ರಾಕೆಟ್ ಒಂದನ್ನು ಕೊರೆಸಿದೆವು. ಬಿಸಿ ಆರುವವರೆಗೆ ಕಾದೆವು. ಇಕ್ಕಳದಲ್ಲಿ ಹಿಡಿದು ಎದುರಿಗೆ ನಿಂತಿದ್ದ ಚಾಸಿಗೆ ಇಟ್ಟರು. ನಾಲ್ಕೂ ಬೋಲ್ಟ್ ಕೈಯಿಂದಲೇ ಕೂತವು.

ಮಾಲಕರು ಬೋಲ್ಟಿನ ತಲೆಯ ಮೇಲೆ ಹೆಬ್ಬೆರಳು ಇಟ್ಟರು. "ಅಪ್ಪನ ಕೈನೇ ಅದ," ಅಂದರು. ಆಮೇಲೆ ಏಜೆಂಟನಿಗೆ ಚಹಾ ಕುಡಿಸಿ ಕಳಿಸಿದರು. ಅವನು ಬಣ್ಣದ ಪುಸ್ತಕ ಮರೆತು ಹೋದ. ಅದರ ಹಾಳೆ ದಪ್ಪ, ವೆಲ್ಡರುಗಳು ಮಿರ್ಚಿ ಭಜ್ಜಿ ಇಟ್ಟುಕೊಂಡು ತಿಂದರು.

ಎಲ್ಲ ಮುಗಿದ ಮೇಲೆ ಹಳೆಯ ಕಂಪ್ಯೂಟರನ್ನು ನಾವೇ ನಿಲ್ಲಿಸಿದೆವು. ಸುಮ್ಮನೆ ನೋಡೋಣ ಎಂದು ಮತ್ತೆ ಚಾಲೂ ಮಾಡಿದೆ. ಡಿಸ್ಕ್ ಒಮ್ಮೆ ಟಿಕ್ ಎಂದಿತು, ಆಮೇಲೆ ಏನಿಲ್ಲ. ಒಬ್ಬ ಸುತ್ತಿಗೆ ತಂದ. ಕಾಕಾ ಅದನ್ನು ಕೈಯಿಂದ ಕಸಿದುಕೊಂಡ.

"ಹಡೆದಾಳ. ಮಲಗಲಿ ಬಿಡ್ರಿ."

ಸೀರೆ ಈಗಲೂ ಅದರ ಮೇಲೆಯೇ ಇದೆ. ವಾಪಸ್ ಕೇಳುವ ಧೈರ್ಯ ನನಗಾಗಲಿಲ್ಲ, ಮತ್ತು ನಾನು ಹಾಗೆ ಸುಲಭಕ್ಕೆ ಧೈರ್ಯಗೆಡುವವಳಲ್ಲ.

ಇದನ್ನು ಓದುವ ನಿಮ್ಮ ಹತ್ತಿರವೂ ಮೂಲೆಯಲ್ಲಿ ಇಂಥದೊಂದು ಮುದುಕ ಯಂತ್ರ ಇರಬಹುದು. ಅದಕ್ಕೆ ನನ್ನ ಮಾತು ಕೇಳಿ. ತಿರುಗುತ್ತಿರುವ ಹಳೇ ಡಿಸ್ಕನ್ನು ಕೆಲಸ ಮುಗಿಯುವವರೆಗೆ ನಿಲ್ಲಿಸಬೇಡಿ. ಯುಪಿಎಸ್ ಇಲ್ಲದಿದ್ದರೆ ಲಾರಿ ಬ್ಯಾಟರಿಯೂ ಆಗುತ್ತದೆ. ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡಲು ಹಟ ಮಾಡಬೇಡಿ, ಬೇಕಾದ ಒಂದೇ ಕೆಲಸ ಉಳಿಸಿ ಬಾಕಿ ಕತ್ತರಿಸಿ. ಕಳಿಸಿದ ಅಕ್ಷರ ಬೇರೆಯಾಗಿ ಬಂದರೆ ಪ್ರೋಗ್ರಾಮಿಗೆ ಬೈಯುವ ಮೊದಲು ಪಿನ್ನು ನೋಡಿ. ಒರೆಸಿದೆ ಎಂದು ಬಿಡಬೇಡಿ, ಬುಡಕ್ಕೆ ಬ್ರಷ್ ಹಾಕಿ. ಮೊತ್ತ ತಾಳೆಯಾಗಿ, ಒಂದು ತುಂಡು ಕೊರೆದು, ಬೋಲ್ಟ್ ಕೂರುವವರೆಗೆ ಫೈಲ್ ಬಂತು ಎಂದು ಯಾರಿಗೂ ಹೇಳಬೇಡಿ. ಕಾರ್ಖಾನೆಯ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ಸೌದಾಕ್ಕೆ ಇಳಿಯಿರಿ. ನಿಮ್ಮ ಯಂತ್ರ ಸತ್ತಿದೆ ಎಂದು ಯಾರಾದರೂ ಹೇಳಿದರೆ, ಅಳುವ ಮೊದಲು ಅವರ ಚೀಲದಲ್ಲಿ ಮಾರಲು ಏನಿದೆ ಎಂದು ಕೇಳಿ. ವಿಭೂತಿಯನ್ನು ಧಾರಾಳವಾಗಿ ಹಚ್ಚಿ, ಬೇಡ ಎನ್ನಲು ನಾನು ಯಾರು. ಹಚ್ಚುವ ಮೊದಲು ಅದರ ಹಣೆ ಯಾವ ಕಡೆಗಿದೆ ಎಂದು ಮಾತ್ರ ಒಮ್ಮೆ ಸುತ್ತಿ ಬಂದು ನೋಡಿ.